ರೆಮನ್‌ಸ್ಟ್ರೇಟ್: ಎದುರಿಗಿದ್ದವರಿಗೇ ತೋರಿಸಿಕೊಡುವ ಆಕ್ಷೇಪ

ಪ್ರಶ್ನೆ: ಇಂಗ್ಲಿಷ್ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಶಿ ರೆಮನ್‌ಸ್ಟ್ರೇಟೆಡ್ ವಿತ್ ಹರ್ ಸನ್’ ಎಂಬ ವಾಕ್ಯವಿದೆ. ನಿಘಂಟಿನಲ್ಲಿ ‘ಪ್ರತಿಭಟಿಸು, ಆಕ್ಷೇಪಿಸು’ ಎಂದಿದ್ದುದರಿಂದ ‘ಅವಳು ಮಗನೊಂದಿಗೆ ಪ್ರತಿಭಟಿಸಿದಳು’ ಎಂದು ಬರೆದೆ. ಓದಿದವರು ನಕ್ಕರು. ಈ ಪದಕ್ಕೂ ‘ಪ್ರೊಟೆಸ್ಟ್’ ಎಂಬುದಕ್ಕೂ ವ್ಯತ್ಯಾಸವೇನು? ಅದರ ಮುಂದೆ ‘ವಿತ್’ ಏಕೆ ಬರುತ್ತದೆ? ಪದ ಈಗಲೂ ಬಳಕೆಯಲ್ಲಿದೆಯೇ, ಅದನ್ನು ಉಚ್ಚರಿಸುವುದು ಹೇಗೆ?

ಉತ್ತರ: ನಕ್ಕವರನ್ನು ದೂರುವಂತಿಲ್ಲ, ಆದರೆ ತಪ್ಪೆಲ್ಲ ನಿಮ್ಮದೇ ಎಂದೂ ಹೇಳಲಾರೆ, ನಿಘಂಟಿನ ಪಾಲೂ ಅದರಲ್ಲಿದೆ. ‘ಅವಳು ಮಗನೊಂದಿಗೆ ಪ್ರತಿಭಟಿಸಿದಳು’ ಎಂದರೆ ಕನ್ನಡ ಓದುಗರ ಕಣ್ಣ ಮುಂದೆ ಬರುವ ಚಿತ್ರವೆಂದರೆ, ತಾಯಿ ಮಗ ಇಬ್ಬರೂ ಯಾವುದೋ ಕಚೇರಿಯ ಮುಂದೆ ಫಲಕ ಹಿಡಿದು ಕುಳಿತಿರುವುದು. ನಮ್ಮ ‘ಒಂದಿಗೆ’ ಎಂಬ ಪ್ರತ್ಯಯ ‘ವಾದಿಸು’, ‘ಜಗಳವಾಡು’ ಎಂಬ ಕ್ರಿಯಾಪದಗಳ ಜೊತೆ ಬಂದಾಗ ಎದುರಾಳಿಯನ್ನು ತೋರಿಸುತ್ತದೆ. ಅದೇ ಪ್ರತ್ಯಯ ‘ಪ್ರತಿಭಟಿಸು’ ಎಂಬುದರ ಜೊತೆ ಬಂದ ಕೂಡಲೇ ಜೊತೆಗಾರನನ್ನು ತೋರಿಸುತ್ತದೆ. ನಿಮ್ಮ ಮೂಲ ವಾಕ್ಯದಲ್ಲಿ ಮಗ ತಾಯಿಯ ಪಕ್ಕದಲ್ಲಿಲ್ಲ, ಎದುರಿಗಿದ್ದಾನೆ. ಅವನು ಮಾಡಿದ್ದೋ ಮಾಡಹೊರಟದ್ದೋ ಅವಳಿಗೆ ಒಪ್ಪಿಗೆಯಾಗಿಲ್ಲ. ಏಕೆ ಒಪ್ಪಿಗೆಯಿಲ್ಲವೆಂಬುದನ್ನು ಅವಳು ಬೇರೆ ಯಾರಿಗೂ ಹೇಳದೆ ಅವನಿಗೇ, ಕಾರಣ ಕೊಟ್ಟು, ಅವನು ಮನಸ್ಸು ಬದಲಾಯಿಸಲಿ ಎಂಬ ಆಸೆಯಿಂದ ಹೇಳುತ್ತಿದ್ದಾಳೆ. ಇಷ್ಟೂ ಅರ್ಥ ಆ ಒಂದು ಕ್ರಿಯಾಪದದೊಳಗೆ ಅಡಗಿದೆ.

ಅದು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಪದದ ಹುಟ್ಟು ಸ್ವಲ್ಪಮಟ್ಟಿಗೆ ಹೇಳುತ್ತದೆ. ಲ್ಯಾಟಿನ್ನಿನಲ್ಲಿ ‘ಮೋನ್‌ಸ್ಟ್ರಾರೆ’ ಎಂದರೆ ತೋರಿಸು. ಇದರ ಹಿಂದಿರುವುದು ‘ಮೋನ್‌ಸ್ಟ್ರುಮ್’, ಅಂದರೆ ದೇವತೆಗಳು ಎಚ್ಚರಿಕೆಗಾಗಿ ಕಳುಹಿಸಿದ ಶಕುನ ಅಥವಾ ಉತ್ಪಾತ. ಅದರ ಹಿಂದಿರುವುದು ‘ಮೊನೇರೆ’, ಅಂದರೆ ಎಚ್ಚರಿಸು. ಇಂಗ್ಲಿಷಿನ ಮಾನ್‌ಸ್ಟರ್, ಮಾನಿಟರ್, ಅಡ್ಮಾನಿಷ್, ಸಮನ್ಸ್, ಮಾನ್ಯುಮೆಂಟ್ ಇವೆಲ್ಲ ಒಂದೇ ಬಳಗದವು. ತರಗತಿಯಲ್ಲಿ ಗಲಾಟೆ ಮಾಡುವವರ ಹೆಸರು ಬರೆದಿಡುವ ಮಾನಿಟರ್ ಮಕ್ಕಳ ಕಥೆಯ ರಾಕ್ಷಸನಿಗೆ ದಾಯಾದಿಯೆಂಬುದು ಆ ಹುದ್ದೆ ಮಾಡಿದವರಿಗೆಲ್ಲ ಸಂತೋಷದ ಸುದ್ದಿಯೇನೂ ಆಗಿರಲಾರದು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ರೆಮೋನ್‌ಸ್ಟ್ರಾರೆ’ ಎಂಬ ರೂಪ ಬಳಕೆಗೆ ಬಂತು. ಇಲ್ಲಿಯ ‘ರೆ’ ಎಂಬುದನ್ನು ‘ಮತ್ತೆ’ ಎಂದು ಬಿಡಿಸಿ, ‘ಮತ್ತೆ ಮತ್ತೆ ತೋರಿಸುವುದೇ ರೆಮನ್‌ಸ್ಟ್ರೇಟ್’ ಎಂದು ಪರೀಕ್ಷೆಗೆ ಓದುವವರು ಕಂಠಪಾಠ ಮಾಡುವುದನ್ನು ಕಂಡಿದ್ದೇನೆ. ಅದು ನೆನಪಿಗೆ ಅನುಕೂಲವಾದೀತು, ಆದರೆ ಸರಿಯಲ್ಲ. ಆ ‘ರೆ’ ಇಲ್ಲಿ ಒತ್ತು ಕೊಡುವ ಉಪಸರ್ಗ. ಆದ್ದರಿಂದ ಅರ್ಥ ‘ಚೆನ್ನಾಗಿ ತೋರಿಸಿಕೊಡು, ಸ್ಪಷ್ಟಪಡಿಸು’ ಎಂದೇ. 16ನೆಯ ಶತಮಾನದ ಕೊನೆಗೆ ಈ ಕ್ರಿಯಾಪದ ಇಂಗ್ಲಿಷಿಗೆ ಬಂದಾಗಲೂ ಅದಕ್ಕಿದ್ದುದು ಇದೇ ಅರ್ಥ. ವಿರೋಧದ ವಾಸನೆ ಅದರಲ್ಲಿರಲಿಲ್ಲ. 17ನೆಯ ಶತಮಾನ ಮುಗಿಯುವ ಹೊತ್ತಿಗೆ ‘ಕಾರಣಗಳನ್ನು ತೋರಿಸಿ ಆಕ್ಷೇಪಿಸು’ ಎಂಬ ಈಗಿನ ಅರ್ಥ ನಿಂತಿತು, ಹಳೆಯ ಅರ್ಥ ಬಿದ್ದುಹೋಯಿತು.

ಈಗ ‘ಪ್ರೊಟೆಸ್ಟ್’ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಅದರೊಳಗಿರುವುದು ‘ಟೆಸ್ಟಿಸ್’, ಸಾಕ್ಷಿ. ನಾಲ್ಕು ಜನರ ಮುಂದೆ ಸಾಕ್ಷಿ ನುಡಿದಂತೆ ಘೋಷಿಸುವುದು ಪ್ರೊಟೆಸ್ಟ್. ಒಬ್ಬ ಆರೋಪಿ ‘ತನ್ನ ನಿರಪರಾಧಿತ್ವವನ್ನು ಪ್ರೊಟೆಸ್ಟ್ ಮಾಡಿದ’ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಾರಲ್ಲ, ಅಲ್ಲಿ ಅವನು ನಿರಪರಾಧಿತ್ವವನ್ನು ವಿರೋಧಿಸುತ್ತಿಲ್ಲ, ಸಾರಿ ಹೇಳುತ್ತಿದ್ದಾನೆ. ಹಳೆಯ ಅರ್ಥ ಆ ನುಡಿಗಟ್ಟಿನಲ್ಲಿ ಹಾಗೇ ಉಳಿದುಕೊಂಡಿದೆ. 1529ರಲ್ಲಿ ಸ್ಪೇಯರ್ ನಗರದ ಸಭೆಯಲ್ಲಿ ಲೂಥರನ ಪಕ್ಷದ ಜರ್ಮನ್ ರಾಜರೂ ನಗರಗಳೂ ಸಲ್ಲಿಸಿದ ಘೋಷಣೆಯಿಂದಲೇ ‘ಪ್ರಾಟೆಸ್ಟಂಟ್’ ಎಂಬ ಹೆಸರು ಹುಟ್ಟಿದ್ದು. ಹೀಗಾಗಿ ಪ್ರೊಟೆಸ್ಟ್ ಮಾಡುವವನಿಗೆ ಎದುರಾಳಿ ಕೇಳಿಸಿಕೊಳ್ಳಲೇಬೇಕೆಂದಿಲ್ಲ, ಅವನು ಸ್ಥಳದಲ್ಲಿ ಇರಲೂ ಬೇಕಾಗಿಲ್ಲ. ತನ್ನ ನಿಲುವು ದಾಖಲಾದರೆ ಆಯಿತು. ರೆಮನ್‌ಸ್ಟ್ರೇಟ್ ಮಾಡುವವನಿಗೆ ಎದುರಿಗೊಂದು ಕಿವಿ ಬೇಕೇ ಬೇಕು. ನಮ್ಮ ‘ಪ್ರತಿಭಟನೆ’ ಇವೆರಡಕ್ಕಿಂತಲೂ ಬೇರೆ ಕಡೆಯಿಂದ ಬಂದದ್ದು: ಸಂಸ್ಕೃತದಲ್ಲಿ ‘ಭಟ’ ಎಂದರೆ ಯೋಧ, ‘ಪ್ರತಿಭಟ’ ಎಂದರೆ ಎದುರು ಪಕ್ಷದ ಯೋಧ. ಇಂಗ್ಲಿಷಿನ ಒಂದು ಪದದಲ್ಲಿ ಸಾಕ್ಷಿ ನಿಂತಿದ್ದಾನೆ, ಇನ್ನೊಂದರಲ್ಲಿ ಬೆರಳು ಮಾಡಿ ತೋರಿಸುವವನಿದ್ದಾನೆ, ನಮ್ಮ ಪದದಲ್ಲಿ ಕತ್ತಿ ಹಿರಿದವನಿದ್ದಾನೆ. ಮಗನಿಗೆ ಬೇಡವೆಂದು ಹೇಳುವ ತಾಯಿಯನ್ನು ಆ ಮೂರನೆಯವನ ಉಡುಪಿನಲ್ಲಿ ನಿಲ್ಲಿಸಿದ್ದರಿಂದಲೇ ನಿಮ್ಮ ವಾಕ್ಯ ನಗೆ ತರಿಸಿತು.

ಈ ಎರಡು ಇಂಗ್ಲಿಷ್ ಪದಗಳು ಒಂದೇ ಕೋಣೆಯಲ್ಲಿ, ಒಂದೇ ರಾತ್ರಿ ಮುಖಾಮುಖಿಯಾದ ಪ್ರಸಂಗವೊಂದು ಇತಿಹಾಸದಲ್ಲಿದೆ. ವ್ಯತ್ಯಾಸವನ್ನು ಅದಕ್ಕಿಂತ ಚೆನ್ನಾಗಿ ತಿಳಿಸುವ ಉದಾಹರಣೆ ನನಗೆ ಸಿಕ್ಕಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1641ರ ನವೆಂಬರ್ 22ರಂದು ಇಂಗ್ಲೆಂಡಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್ ‘ಗ್ರ್ಯಾಂಡ್ ರಿಮಾನ್‌ಸ್ಟ್ರನ್ಸ್’ ಎಂಬ ದಾಖಲೆಯನ್ನು ಚರ್ಚೆಗೆತ್ತಿಕೊಂಡಿತು (‘ರಿಮಾನ್‌ಸ್ಟ್ರನ್ಸ್’ ಎಂಬುದು ನಮ್ಮ ಕ್ರಿಯಾಪದದ ನಾಮಪದ ರೂಪ). ದೊರೆಯ ವಿರೋಧಿಗಳ ಮುಂದಾಳು ಜಾನ್ ಪಿಮ್ ಮತ್ತು ಅವನ ಸಂಗಡಿಗರು ಮುಂದಿಟ್ಟ ಆ ದಾಖಲೆಯಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ಆಳ್ವಿಕೆಯ ತಪ್ಪುಗಳೂ ಅವುಗಳ ಪರಿಹಾರಗಳೂ ಸೇರಿ 204 ಕಲಮುಗಳಿದ್ದವು. ಚರ್ಚೆ ನಡುರಾತ್ರಿಯನ್ನೂ ದಾಟಿತು. ಕೊನೆಗೆ 148ಕ್ಕೆ ಎದುರಾಗಿ 159 ಮತಗಳು ಬಿದ್ದು, ಬರೀ 11 ಮತಗಳ ಅಂತರದಲ್ಲಿ ಅದು ಅಂಗೀಕಾರವಾಯಿತು.

ಆ ಚರ್ಚೆಯಲ್ಲಿ ಕೆಂಟ್ ಪ್ರಾಂತ್ಯದ ಸದಸ್ಯ ಸರ್ ಎಡ್ವರ್ಡ್ ಡೇರಿಂಗ್ ಆಡಿದ ಮಾತು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ರಿಮಾನ್‌ಸ್ಟ್ರನ್ಸ್ ಒಂದು ಬರಲಿದೆ ಎಂದು ಕೇಳಿದಾಗ, ನಂಬಿಗಸ್ತ ಸಲಹೆಗಾರರಂತೆ ನಾವು ದೊರೆಗೆ ಕನ್ನಡಿ ಹಿಡಿಯಲಿದ್ದೇವೆ ಎಂದು ತಾನು ಭಾವಿಸಿದ್ದಾಗಿಯೂ, ಕೆಳಮುಖವಾಗಿ ರೆಮನ್‌ಸ್ಟ್ರೇಟ್ ಮಾಡಿ ಜನರಿಗೆ ಕಥೆ ಹೇಳುತ್ತಾ ದೊರೆಯನ್ನು ಮೂರನೆಯ ವ್ಯಕ್ತಿಯೆಂಬಂತೆ ಮಾತನಾಡುತ್ತೇವೆಂದು ಕನಸಿನಲ್ಲೂ ಎಣಿಸಿರಲಿಲ್ಲವೆಂದೂ ಅವನು ಹೇಳಿದ. ಒಬ್ಬ ರಾಜಕಾರಣಿಯ ಅಸಮಾಧಾನದಲ್ಲಿ ಒಂದು ಪದದ ವ್ಯಾಕರಣವೇ ಹೊರಬಿದ್ದಿದೆ. ಅವನ ಕಿವಿಗೆ ಆ ಪದ ಮಧ್ಯಮ ಪುರುಷದ್ದು: ‘ನೀವು ಹೀಗೆ ಮಾಡುತ್ತಿದ್ದೀರಿ, ಇಗೋ ನೋಡಿ’ ಎಂದು ದೊರೆಗೇ ಹೇಳಬೇಕಾದದ್ದು. ‘ದೊರೆ ಹೀಗೆ ಮಾಡುತ್ತಿದ್ದಾನೆ, ಕೇಳಿರಪ್ಪಾ’ ಎಂದು ಊರಿಗೆ ಸಾರಿದರೆ ಅದು ಬೇರೆಯೇ ಕೆಲಸ. ಕನ್ನಡಿಯ ಹೋಲಿಕೆಯೂ ಸುಮ್ಮನೆ ಬಂದದ್ದಲ್ಲ. ‘ತೋರಿಸು’ ಎಂಬ ಧಾತುವಿನ ಅರ್ಥ ಅವನ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತೆಂದು ನನಗನ್ನಿಸುತ್ತದೆ.

ಮತ ಎಣಿಕೆಯ ನಂತರ ದಾಖಲೆಯನ್ನು ಅಚ್ಚು ಹಾಕಿಸಿ ಹಂಚುವ ಮಾತು ಬಂದಾಗ ಸೋತ ಪಕ್ಷದವರು ತಮ್ಮ ಪ್ರೊಟೆಸ್ಟನ್ನು ದಾಖಲಿಸಿಕೊಳ್ಳಬೇಕೆಂದು ಪಟ್ಟು ಹಿಡಿದರು. ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತವರು ಹಾಗೆ ಪ್ರೊಟೆಸ್ಟ್ ಬರೆಸುವ ಪದ್ಧತಿಯಿತ್ತು, ಕಾಮನ್ಸ್‌ನಲ್ಲಿ ಇರಲಿಲ್ಲ. ಜೆಫ್ರಿ ಪಾಮರ್ ಎಂಬ ಸದಸ್ಯ ಎದ್ದುನಿಂತು ತನ್ನ ಪರವಾಗಿಯೂ ಉಳಿದವರ ಪರವಾಗಿಯೂ ಪ್ರೊಟೆಸ್ಟ್ ಮಾಡುತ್ತೇನೆಂದದ್ದೇ ತಡ, ಸಭೆಯಲ್ಲಿ ಕೋಲಾಹಲವೆದ್ದು ಕೆಲವರ ಕೈ ಕತ್ತಿಗೆ ಹೋಯಿತು. ಕೆಲವೇ ದಿನಗಳಲ್ಲಿ ಪಾಮರನನ್ನು ಟವರ್ ಆಫ್ ಲಂಡನ್ನಿನ ಸೆರೆಗೆ ಕಳುಹಿಸಲಾಯಿತು. ದೊರೆಯ ತಪ್ಪುಗಳನ್ನು 204 ಕಲಮುಗಳಲ್ಲಿ ತೋರಿಸಿಕೊಟ್ಟ ಸಭೆಗೆ, ತನ್ನ ಬಹುಮತದ ವಿರುದ್ಧ ಒಬ್ಬ ಸದಸ್ಯ ಬಹಿರಂಗವಾಗಿ ಸಾಕ್ಷಿ ನುಡಿಯುವುದು ಸಹಿಸಲಸಾಧ್ಯವಾಯಿತು. ಮುಂದಿನದು ನಿಮಗೆ ಗೊತ್ತಿರಬಹುದು: ಡಿಸೆಂಬರ್ 1ರಂದು ದಾಖಲೆ ದೊರೆಗೆ ಸಲ್ಲಿಕೆಯಾಯಿತು, ಆಮೇಲೆ ಅಚ್ಚೂ ಆಯಿತು, 1642ರ ಜನವರಿ 4ರಂದು ದೊರೆ ಐವರು ಸದಸ್ಯರನ್ನು ಹಿಡಿಯಲು ತಾನೇ ಸಭೆಗೆ ನುಗ್ಗಿದ, ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಅಂತರ್ಯುದ್ಧ ಶುರುವಾಯಿತು.

ಈ ಪದವನ್ನು ಹೆಸರಿನಲ್ಲೇ ಹೊತ್ತ ಇನ್ನೂ ಕೆಲವು ದಾಖಲೆಗಳಿವೆ. ಹಾಲೆಂಡಿನಲ್ಲಿ ಆರ್ಮಿನಿಯಸ್ ಎಂಬ ಕ್ರೈಸ್ತ ಧರ್ಮಪಂಡಿತನ ಅನುಯಾಯಿಗಳು 1610ರಲ್ಲಿ ತಮ್ಮ ಐದು ನಿಲುವುಗಳನ್ನು ಪ್ರಾಂತ್ಯದ ಸಭೆಗೆ ಇಂಥದೇ ಪತ್ರವಾಗಿ ಸಲ್ಲಿಸಿದ್ದರಿಂದ ಅವರಿಗೆ ‘ರಿಮಾನ್‌ಸ್ಟ್ರಂಟರು’ ಎಂಬ ಹೆಸರು ಅಂಟಿ, ಇಂದಿಗೂ ಆ ಪಂಥ ಅದೇ ಹೆಸರಿನಲ್ಲಿ ಉಳಿದಿದೆ. ಈಗಿನ ನ್ಯೂಯಾರ್ಕಿನ ಭಾಗವಾಗಿರುವ ಫ್ಲಶಿಂಗ್ ಎಂಬ ಊರಿನ 30 ಜನ 1657ರ ಡಿಸೆಂಬರ್ 27ರಂದು ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಮೇಲಿನ ನಿರ್ಬಂಧವನ್ನು ಒಪ್ಪಲಾರೆವೆಂದು ಡಚ್ ಆಡಳಿತಗಾರ ಪೀಟರ್ ಸ್ಟೈವೆಸಂಟನಿಗೆ ಬರೆದುಕೊಟ್ಟರು; ಸಹಿ ಹಾಕಿದವರಲ್ಲಿ ಒಬ್ಬರೂ ಕ್ವೇಕರ್ ಆಗಿರಲಿಲ್ಲ. 1785ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಜೇಮ್ಸ್ ಮ್ಯಾಡಿಸನ್ ವರ್ಜೀನಿಯಾದ ಶಾಸನಸಭೆಗೆ, ಧರ್ಮಬೋಧಕರಿಗಾಗಿ ತೆರಿಗೆ ಹಾಕುವುದು ಏಕೆ ಸಲ್ಲದೆಂದು 15 ಕಾರಣಗಳನ್ನು ಎಣಿಸಿ ಬರೆದದ್ದೂ ‘ಮೆಮೋರಿಯಲ್ ಅಂಡ್ ರಿಮಾನ್‌ಸ್ಟ್ರನ್ಸ್’ ಎಂಬ ಹೆಸರಿನಲ್ಲೇ. ಮೂರರಲ್ಲೂ ನೀವು ಗಮನಿಸಬೇಕಾದ್ದು ಒಂದೇ: ಪತ್ರಕ್ಕೆ ಒಬ್ಬ ವಿಳಾಸದಾರನಿದ್ದಾನೆ, ನಿರ್ಧಾರ ಬದಲಿಸುವ ಅಧಿಕಾರ ಅವನ ಕೈಯಲ್ಲಿದೆ, ಮತ್ತು ಕಾರಣಗಳನ್ನು ಎಣಿಸಿ ಕೊಡಲಾಗಿದೆ.

ಫ್ರಾನ್ಸಿನಲ್ಲಂತೂ ಇದು ಒಂದು ಹಕ್ಕೇ ಆಗಿತ್ತು. ದೊರೆಯ ಆಜ್ಞೆ ಜಾರಿಗೆ ಬರಬೇಕಾದರೆ ‘ಪಾರ್ಲಮಾಂ’ ಎಂಬ ಉನ್ನತ ನ್ಯಾಯಾಲಯ ಅದನ್ನು ತನ್ನ ಕಡತದಲ್ಲಿ ನೋಂದಾಯಿಸಬೇಕಿತ್ತು. ನೋಂದಾಯಿಸುವ ಮೊದಲು ಆಜ್ಞೆಯಲ್ಲಿ ದೋಷ ಕಂಡರೆ ನ್ಯಾಯಾಧೀಶರು ದೊರೆಗೆ ‘ರಮೋಂತ್ರಾಂಸ್’ ಬರೆದು ಕಳುಹಿಸಬಹುದಿತ್ತು. ದೊರೆಗೆ ಅದು ಹಿಡಿಸದಿದ್ದರೆ ತಾನೇ ನ್ಯಾಯಾಲಯಕ್ಕೆ ಬಂದು ಕುಳಿತು ಕಣ್ಣೆದುರಿಗೇ ನೋಂದಣಿ ಮಾಡಿಸುತ್ತಿದ್ದ. ಹದಿನಾಲ್ಕನೆಯ ಲೂಯಿ 1673ರಲ್ಲಿ, ಮೊದಲು ನೋಂದಾಯಿಸಿ, ಆಮೇಲೆ ಬೇಕಾದರೆ ಆಕ್ಷೇಪ ಬರೆಯಿರಿ ಎಂದು ವಿಧಿಸಿದ. ಆಕ್ಷೇಪ ಉಳಿಯಿತು, ಅದರ ಹಲ್ಲು ಉದುರಿತು. ಅವನು ತೀರಿಕೊಂಡ 1715ರಲ್ಲೇ ಹಳೆಯ ಕ್ರಮ ಮರಳಿತು. ಚೀನಾದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆಯುವವರೂ ಮಂತ್ರಿ ಚಕ್ರವರ್ತಿಗೆ ತಪ್ಪು ತೋರಿಸುವುದನ್ನು ಇದೇ ಪದದಿಂದ ಕರೆಯುತ್ತಾರೆ. ಮಿಂಗ್ ವಂಶದ ಕಾಲದ ಹೈ ರುಯಿ ಎಂಬ ಅಧಿಕಾರಿ ಚಕ್ರವರ್ತಿಗೆ ಅಂಥ ಪತ್ರ ಸಲ್ಲಿಸುವ ಮೊದಲೇ ತನಗೊಂದು ಶವಪೆಟ್ಟಿಗೆ ಕೊಂಡಿಟ್ಟಿದ್ದನೆಂಬುದು ಅಲ್ಲಿ ಹೆಸರಾದ ಮಾತು. ಅವನು ಸೆರೆಗೆ ಹೋದ, ಆದರೆ ಚಕ್ರವರ್ತಿಯೇ ಅವನಿಗಿಂತ ಮೊದಲು ತೀರಿಕೊಂಡದ್ದರಿಂದ ಪೆಟ್ಟಿಗೆ ಆಗ ಬಳಕೆಗೆ ಬರಲಿಲ್ಲ.

ಈಗಲೂ ಬಳಕೆಯಲ್ಲಿದೆಯೇ ಎಂದಿರಿ. ದಿನನಿತ್ಯದ ಮಾತಿನಲ್ಲಿ ಇಲ್ಲ. ಬರಹದ ಇಂಗ್ಲಿಷಿನಲ್ಲಿ, ಅದರಲ್ಲೂ ಸ್ವಲ್ಪ ಗಂಭೀರ ಶೈಲಿಯಲ್ಲಿ, ಇದೆ. ಕಾನೂನಿನ ಭಾಷೆಯಲ್ಲಿ ಅದು ಇನ್ನೂ ಗಟ್ಟಿಯಾಗಿ ಕುಳಿತಿದೆ. ಜರ್ಮನಿಯ ಸರ್ಕಾರಿ ನೌಕರರ ಕಾನೂನಿನಲ್ಲಿ ‘ರೆಮೊನ್‌ಸ್ಟ್ರಾತ್ಸಿಯೋನ್’ ಎಂಬುದು ನಿಗದಿಯಾದ ಕ್ರಮ. ಮೇಲಧಿಕಾರಿಯ ಆದೇಶ ಕಾನೂನಿಗೆ ವಿರುದ್ಧವೆಂದು ನೌಕರನಿಗೆ ಅನುಮಾನ ಬಂದರೆ ಅವನು ತಡಮಾಡದೆ ಅದನ್ನು ಆ ಅಧಿಕಾರಿಗೇ ಹೇಳಬೇಕು. ಅಧಿಕಾರಿ ಒಪ್ಪದಿದ್ದರೆ ಅವನ ಮೇಲಿನವನಿಗೆ ಹೇಳಬೇಕು. ಅವನೂ ಆದೇಶವನ್ನು ಎತ್ತಿಹಿಡಿದರೆ ನೌಕರ ಅದನ್ನು ಪಾಲಿಸಬೇಕು, ಆದರೆ ಪರಿಣಾಮದ ಹೊಣೆ ಅವನ ತಲೆಯ ಮೇಲಿರುವುದಿಲ್ಲ. ಆದೇಶ ಅಪರಾಧವೆನಿಸುವಂಥದ್ದಾಗಿದ್ದರೆ ಅಥವಾ ಮಾನವ ಘನತೆಗೆ ಕುಂದು ತರುವಂಥದ್ದಾಗಿದ್ದರೆ ಪಾಲಿಸುವಂತೆಯೇ ಇಲ್ಲ. ಜರ್ಮನ್ ವೀಸಾ ತಿರಸ್ಕೃತವಾದವರು ರಾಯಭಾರ ಕಚೇರಿಗೇ ಬರೆಯುತ್ತಿದ್ದ ಮರುಪರಿಶೀಲನೆಯ ಪತ್ರಕ್ಕೂ ಇದೇ ಹೆಸರಿತ್ತು. 2025ರ ಜುಲೈ 1ರಿಂದ ಆ ಅವಕಾಶವನ್ನು ತೆಗೆದುಹಾಕಲಾಗಿದೆ. ಎರಡೂ ಕಡೆ ನೀವು ಬೇರೆ ಬಾಗಿಲಿಗೆ ಹೋಗುತ್ತಿಲ್ಲ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತುತ್ತಿಲ್ಲ. ತೀರ್ಮಾನ ಮಾಡಿದ ವ್ಯವಸ್ಥೆಗೇ ಅದರ ತಪ್ಪನ್ನು ತೋರಿಸುತ್ತಿದ್ದೀರಿ.

ಇನ್ನೊಂದು ಬಳಕೆ ಆಟದ ಮೈದಾನದ್ದು. ಇಂಗ್ಲಿಷ್ ಪತ್ರಿಕೆಗಳ ಫುಟ್‌ಬಾಲ್ ವರದಿಗಳಲ್ಲಿ ಆಟಗಾರರು ರೆಫರಿಯೊಡನೆ ರೆಮನ್‌ಸ್ಟ್ರೇಟ್ ಮಾಡುತ್ತಲೇ ಇರುತ್ತಾರೆ. ಎರಡೂ ಕೈ ಚಾಚಿ, ಹುಬ್ಬು ಗಂಟಿಕ್ಕಿ, ನಾಲ್ಕೈದು ಜನ ಒಟ್ಟಿಗೇ ಕೂಗುತ್ತಾ ರೆಫರಿಯನ್ನು ಸುತ್ತುವರಿಯುವುದರಲ್ಲಿ ಕಾರಣವನ್ನು ತೋರಿಸಿಕೊಡುವ ಕೆಲಸ ಎಷ್ಟು ನಡೆಯುತ್ತದೆಂಬ ಬಗ್ಗೆ ನನಗೆ ಅನುಮಾನವಿದೆ. ವರದಿಗಾರರ ಕೈಯಲ್ಲಿ ಪದ ಸ್ವಲ್ಪ ಸವೆದು ‘ಕೈಕಾಲು ಆಡಿಸಿ ತಕರಾರು ಮಾಡು’ ಎಂಬಷ್ಟಕ್ಕೆ ಇಳಿದಿದೆ. ಆದರೂ ಮೂಲ ಚೌಕಟ್ಟು ಹಾಗೇ ಇದೆ: ತೀರ್ಪು ಕೊಟ್ಟವನು ಎದುರಿಗಿದ್ದಾನೆ, ಬದಲಿಸಿದರೆ ಅವನೇ ಬದಲಿಸಬೇಕು. ಮಿತಿ ಮೀರಿದರೆ ಅದು ಆಟದ ನಿಯಮದಲ್ಲಿ ‘ಡಿಸೆಂಟ್’ ಆಗಿ ಹಳದಿ ಚೀಟಿ ಬರುತ್ತದೆ. 2024ರ ಯೂರೋ ಪಂದ್ಯಾವಳಿಯಲ್ಲಿ, ತೀರ್ಪಿನ ವಿಚಾರವಾಗಿ ರೆಫರಿಯ ಹತ್ತಿರ ಹೋಗುವ ಅವಕಾಶ ತಂಡದ ನಾಯಕನಿಗೆ ಮಾತ್ರ ಎಂದು ವಿಧಿಸಿದಾಗ, ಪದದ ಹಳೆಯ ಮರ್ಯಾದೆ ಒಂದಿಷ್ಟು ಮರಳಿ ಬಂದಂತೆ ನನಗೆ ಕಂಡಿತು.

ವ್ಯಾಕರಣದ ವಿಷಯ ಚಿಕ್ಕದು. ಇದು ಅಕರ್ಮಕ ಕ್ರಿಯಾಪದ. ಯಾರಿಗೆ ಹೇಳುತ್ತೀರೋ ಅವರ ಹೆಸರಿನ ಮುಂದೆ ‘ವಿತ್’ ಬರಲೇಬೇಕು. ‘ಹಿ ರೆಮನ್‌ಸ್ಟ್ರೇಟೆಡ್ ದ ಮ್ಯಾನೇಜರ್’ ಎಂದು ಬರೆದರೆ ತಪ್ಪು. ಯಾವ ವಿಷಯಕ್ಕಾಗಿ ಎಂಬುದನ್ನು ‘ಅಬೌಟ್’ ಅಥವಾ ‘ಓವರ್’ ಹೇಳುತ್ತದೆ. ಯಾವ ಕ್ರಮದ ವಿರುದ್ಧ ಎಂಬುದನ್ನು ‘ಅಗೇನ್ಸ್ಟ್’ ಹೇಳುತ್ತದೆ. ‘ವಿತ್’ ಮನುಷ್ಯನಿಗೆ, ‘ಅಗೇನ್ಸ್ಟ್’ ಸಂಗತಿಗೆ ಎಂದು ನೆನಪಿಟ್ಟುಕೊಂಡರೆ ಬಹುತೇಕ ಕಡೆ ಎಡವುವುದಿಲ್ಲ. ಆಡಿದ ಮಾತನ್ನೇ ಉದ್ಧರಿಸಿ ಕೊನೆಗೆ ‘ಹಿ ರೆಮನ್‌ಸ್ಟ್ರೇಟೆಡ್’ ಎಂದು ಮುಗಿಸುವುದೂ ಉಂಟು, ‘ದಟ್’ ಹಚ್ಚಿ ಉಪವಾಕ್ಯ ಸೇರಿಸುವುದೂ ಉಂಟು. ‘ವಿತ್’ ಏಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಈಗಾಗಲೇ ಸಿಕ್ಕಿರಬೇಕು: ಇಂಗ್ಲಿಷಿನ ಮನಸ್ಸಿನಲ್ಲಿ ಈ ಪದ ‘ಆರ್ಗ್ಯೂ’, ‘ಪ್ಲೀಡ್’, ‘ರೀಸನ್’ ಎಂಬವುಗಳ ಸಾಲಿನದು, ಅವೆಲ್ಲಕ್ಕೂ ಎದುರಿಗಿರುವವನು ‘ವಿತ್’ ಮೂಲಕವೇ ಸೇರಿಕೊಳ್ಳುತ್ತಾನೆ.

ನೆರೆಯ ಪದಗಳ ಬಗ್ಗೆಯೂ ಒಂದು ಮಾತು. ‘ಎಕ್ಸ್‌ಪಾಸ್ಚುಲೇಟ್’ ಇದರ ಅತಿ ಹತ್ತಿರದ ಸಂಬಂಧಿ, ಇದಕ್ಕಿಂತ ತುಸು ಹಳೆಯ ವಾಸನೆಯದು. ‘ಡಿಮರ್’ ಎಂದರೆ ಹಿಂಜರಿದು ಮೆಲ್ಲಗೆ ಒಪ್ಪದಿರುವುದು. ‘ರಿಪ್ರೋಚ್’ ಆಗಿಹೋದದ್ದನ್ನು ಎತ್ತಿ ನೋಯಿಸುತ್ತದೆ. ರೆಮನ್‌ಸ್ಟ್ರೇಟ್ ಆಗಿಹೋದದ್ದನ್ನು ಎತ್ತಿದರೂ ಕಣ್ಣು ಮುಂದಿನದರ ಮೇಲಿರುತ್ತದೆ. ‘ಆಬ್ಜೆಕ್ಟ್’ ಎಂಬುದಕ್ಕೆ ನಮ್ಮ ‘ಆಕ್ಷೇಪಿಸು’ ತದ್ರೂಪಿಯಂತಿದೆ: ಲ್ಯಾಟಿನ್ನಿನದರಲ್ಲಿ ‘ಎದುರಿಗೆ ಎಸೆ’ ಎಂಬ ಅರ್ಥವಿದ್ದರೆ ಸಂಸ್ಕೃತದ ‘ಕ್ಷಿಪ್’ ಧಾತುವಿಗೂ ‘ಎಸೆ’ ಎಂದೇ ಅರ್ಥ. ಎರಡು ಭಾಷೆಗಳಲ್ಲೂ ಒಪ್ಪದವನು ಏನನ್ನೋ ಎಸೆಯುತ್ತಿದ್ದಾನೆ. ‘ಡೆಮನ್‌ಸ್ಟ್ರೇಟ್’ ಮಾತ್ರ ರೆಮನ್‌ಸ್ಟ್ರೇಟ್‌ನ ಒಡಹುಟ್ಟು. ಬೀದಿಗಿಳಿದು ನಡೆಸುವ ಪ್ರದರ್ಶನಕ್ಕೆ ಆ ಹೆಸರು. ಅಲ್ಲಿ ಬಲವನ್ನು ಎಲ್ಲರಿಗೂ ತೋರಿಸುತ್ತಾರೆ, ಇಲ್ಲಿ ಕಾರಣವನ್ನು ಒಬ್ಬರಿಗೆ ತೋರಿಸುತ್ತಾರೆ.

ಹಾಗಾದರೆ ಕನ್ನಡದಲ್ಲಿ ಏನು ಬರೆಯಬೇಕು? ಇಲ್ಲಿಯೇ ನಿಜವಾದ ಕಷ್ಟವಿರುವುದು. ಇಂಗ್ಲಿಷಿನ ಈ ಪದಕ್ಕೆ ಮೇಲು ಕೆಳಗಿನ ಲೆಕ್ಕವಿಲ್ಲ: ಮಂತ್ರಿ ದೊರೆಗೂ ತಾಯಿ ಮಗನಿಗೂ ಗೆಳೆಯ ಗೆಳೆಯನಿಗೂ ಅದನ್ನೇ ಮಾಡುತ್ತಾರೆ. ಡೇರಿಂಗ್ ‘ಕೆಳಮುಖ’ ಎಂದು ಗೊಣಗಿದ್ದು 17ನೆಯ ಶತಮಾನದ ರಾಜಕೀಯದ ಬಳಕೆಯನ್ನು ಕುರಿತು. ಕಥೆ ಕಾದಂಬರಿಗಳಲ್ಲಿ ಪದ ಎಲ್ಲ ದಿಕ್ಕಿಗೂ ಹರಿಯುತ್ತದೆ. ಕನ್ನಡದ ಕ್ರಿಯಾಪದಗಳು ಹಾಗಲ್ಲ, ಅವು ಯಾರು ಯಾರಿಗೆ ಹೇಳುತ್ತಿದ್ದಾರೆಂದು ಕೇಳಿಯೇ ಬಾಯಿ ಬಿಡುತ್ತವೆ. ಕಿರಿಯರು ಹಿರಿಯರಿಗೆ ‘ಬುದ್ಧಿ ಹೇಳಿದರು’ ಎಂದರೆ ಅಧಿಕಪ್ರಸಂಗವಾಗುತ್ತದೆ; ತಾಯಿ ಮಗನಿಗೆ ‘ಅರಿಕೆ ಮಾಡಿಕೊಂಡಳು’ ಎಂದರೆ ಅವಳ ಅವಸ್ಥೆಯ ಬಗ್ಗೆ ಬೇರೆಯೇ ಕಥೆ ಹುಟ್ಟುತ್ತದೆ. ಆದ್ದರಿಂದ ಒಂದೇ ಪ್ರತಿಪದವನ್ನು ಹುಡುಕುವುದನ್ನು ಬಿಟ್ಟು, ಸಂಬಂಧವನ್ನು ನೋಡಿ ಪದ ಆರಿಸುವುದೊಂದೇ ದಾರಿ. ಮೇಲಿನವರಿಗಾದರೆ ‘ಇದು ಸರಿಯಾಗಲಾರದೆಂದು ಅರಿಕೆ ಮಾಡಿಕೊಂಡ’, ‘ಒಪ್ಪದೆ ವಿನಯದಿಂದಲೇ ವಾದಿಸಿದ’. ಸಮಾನರಿಗಾದರೆ ‘ಹೀಗೇಕೆಂದು ತರ್ಕಕ್ಕೆ ನಿಂತ’, ‘ತಕರಾರು ತೆಗೆದ’. ಕಿರಿಯರಿಗಾದರೆ ‘ಬೇಡವೆಂದು ತಿಳಿಹೇಳಿದ’.

‘ತಕರಾರು’ ಎಂಬುದರ ಬಗ್ಗೆ ಒಂದು ಎಚ್ಚರಿಕೆ. ಅರಬ್ಬಿಯಲ್ಲಿ ‘ತಕ್ರಾರ್’ ಎಂದರೆ ಪುನರಾವರ್ತನೆ. ಹೇಳಿದ್ದನ್ನೇ ಹೇಳುವವನ ಹಟ ಕನ್ನಡದ ಪದದಲ್ಲೂ ಇನ್ನೂ ಉಳಿದಿದೆ. ಫುಟ್‌ಬಾಲ್ ಆಟಗಾರನಿಗೆ ಅದು ಹೇಳಿ ಮಾಡಿಸಿದ ಪದ, ಮ್ಯಾಡಿಸನ್‌ನ 15 ಕಾರಣಗಳಿಗೆ ಅಲ್ಲ. ಧಾತುವಿನ ಅರ್ಥದಿಂದ ನೋಡಿದರೆ ಎಲ್ಲಕ್ಕಿಂತ ಹತ್ತಿರ ಬರುವುದು ‘ಬಿನ್ನಪ’. ಅದು ಸಂಸ್ಕೃತದ ‘ವಿಜ್ಞಾಪನ’ದ ತದ್ಭವ, ಅಂದರೆ ‘ತಿಳಿಯಪಡಿಸುವುದು’. ಆದರೆ ‘ತಿಳಿಯಪಡಿಸು’ ಎಂಬಲ್ಲಿಂದ ಹೊರಟ ಇಂಗ್ಲಿಷ್ ಪದ ಎದುರುಮಾತಿನ ಕಡೆಗೆ ನಡೆಯಿತು, ನಮ್ಮ ಬಿನ್ನಪ ಕೈಮುಗಿಯುವ ಕಡೆಗೆ ನಡೆಯಿತು. ದಾರಿ ಕವಲೊಡೆದ ಮೇಲೆ ಧಾತುವಿನ ಸಂಬಂಧ ನೆಚ್ಚಿ ಅನುವಾದ ಮಾಡಲಾಗುವುದಿಲ್ಲ.

ನಿಮ್ಮ ವಾಕ್ಯಕ್ಕೆ ಬರೋಣ. ಕಥೆಯಲ್ಲಿ ಮಗನ ವಯಸ್ಸೆಷ್ಟು, ಅವನು ಏನು ಮಾಡಹೊರಟಿದ್ದಾನೆ ಎಂಬುದನ್ನು ನೀವು ತಿಳಿಸಿಲ್ಲ. ಅವನು ಹುಡುಗನಾಗಿದ್ದರೆ ‘ಹಾಗೆಲ್ಲ ಮಾಡಬಾರದೆಂದು ಅವಳು ಮಗನಿಗೆ ತಿಳಿಹೇಳಿದಳು’ ಎಂಬುದು ಸಾಕು. ಬೆಳೆದ ಮಗನಾಗಿದ್ದು, ಮನೆ ಬಿಟ್ಟು ಹೋಗುವಂಥ ದೊಡ್ಡ ತೀರ್ಮಾನ ಮಾಡಿದ್ದರೆ ‘ಅವಳು ಒಪ್ಪಲಿಲ್ಲ, ಇದು ಸರಿಯಲ್ಲವೆಂದು ಮಗನೊಂದಿಗೆ ವಾದಿಸಿದಳು’ ಎನ್ನಬಹುದು. ಮುಂದಿನ ವಾಕ್ಯವನ್ನೂ ಒಮ್ಮೆ ನೋಡಿ. ಇಂಗ್ಲಿಷ್ ಕಥನದಲ್ಲಿ ಈ ಪದ ಬಂದ ಕಡೆ ಬಹಳ ಸಲ ಬೆನ್ನಿಗೇ ‘ಪ್ರಯೋಜನವಾಗಲಿಲ್ಲ’ ಎಂಬರ್ಥದ ಮಾತು ಬಂದಿರುತ್ತದೆ. ಕೇಳುವವನು ಕೇಳದೆ ಹೋಗುವ ಸಂದರ್ಭಗಳಲ್ಲೇ ಕಥೆಗಾರರಿಗೆ ಇದು ನೆನಪಾಗುವುದು. ಹಾಗಿದ್ದರೆ ಎರಡನ್ನೂ ಬೆಸೆದು ‘ಅವಳು ಎಷ್ಟು ತಿಳಿಹೇಳಿದರೂ ಮಗ ಕೇಳಲಿಲ್ಲ’ ಎಂದು ಬರೆದುಬಿಡಿ. ಆ ‘ಎಷ್ಟು’ ಎಂಬ ಒಂದೇ ಪದದಲ್ಲಿ ಅವಳು ಕೊಟ್ಟ ಕಾರಣಗಳೆಲ್ಲ ಬಂದು ಕೂರುತ್ತವೆ. ನಾನಾಗಿದ್ದರೆ ಹಾಗೇ ಬರೆಯುತ್ತಿದ್ದೆ.

ನಾಮಪದ ಎದುರಾದರೆ, ಮಾತಿನದಾದಲ್ಲಿ ‘ಎದುರುಮಾತು’, ‘ಆಕ್ಷೇಪ’ ಎಂದೂ, ಬರಹದ್ದಾದಲ್ಲಿ ‘ಆಕ್ಷೇಪಣಾ ಪತ್ರ’ ಎಂದೂ ಇಟ್ಟುಕೊಳ್ಳಬಹುದು. 1641ರ ದಾಖಲೆಗೆ ‘ಮಹಾ ಆಕ್ಷೇಪಣಾ ಪತ್ರ’ ಎಂದರೆ ಸರಿಹೋಗುತ್ತದೆ. ‘ಮಹಾ ಪ್ರತಿಭಟನೆ’ ಎಂದರೆ ಅದು ಬೀದಿಯಲ್ಲಿ ನಡೆಯಿತೆಂದು ಓದುಗರು ತಿಳಿದಾರು. ‘ಅಹವಾಲು’ ಎಂಬುದನ್ನು ನಾನು ಒಪ್ಪುವುದಿಲ್ಲ: ಅರಬ್ಬಿಯಲ್ಲಿ ‘ಸ್ಥಿತಿಗತಿಗಳು’ ಎಂಬ ಅರ್ಥದ ಆ ಪದ ಕನ್ನಡದಲ್ಲಿ ತನ್ನ ಕಷ್ಟ ಹೇಳಿಕೊಳ್ಳುವವನದಾಗಿದೆ, ಎದುರಿಗಿರುವವನ ತಪ್ಪು ತೋರಿಸುವವನದಲ್ಲ.

ಉಚ್ಚಾರಣೆ: ಬ್ರಿಟಿಷರು ಮೊದಲ ಅಕ್ಷರದ ಮೇಲೆ ಒತ್ತು ಕೊಟ್ಟು ‘ರೆಮನ್‌ಸ್ಟ್ರೇಟ್’ ಎನ್ನುತ್ತಾರೆ, ‘ಡೆಮನ್‌ಸ್ಟ್ರೇಟ್’ ಎಂಬಂತೆಯೇ. ಅಮೆರಿಕದಲ್ಲಿ ಎರಡನೆಯ ಅಕ್ಷರಕ್ಕೆ ಒತ್ತು ಕೊಟ್ಟು ‘ರಿಮಾನ್‌ಸ್ಟ್ರೇಟ್’ ಎನ್ನುವುದೂ ಸಾಮಾನ್ಯ. ನಾಮಪದವಾದ ‘ರಿಮಾನ್‌ಸ್ಟ್ರನ್ಸ್’ನಲ್ಲಿ ಮಾತ್ರ ಎರಡೂ ಕಡೆಯವರ ಒತ್ತು ‘ಮಾನ್’ ಮೇಲೆಯೇ ಬೀಳುತ್ತದೆ.